ಗೀಗೀ ಭವನದ ಎರಡು ಬಾಗಿಲು

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ತಾಲ್ಲೂಕಿನಲ್ಲಿ ಓವರ್‌ಸಿಯರ್ ಆಗಿದ್ದೆ. ಅಗರಖೇಡದ ಕಡೆ ಒಂದೂರಿನವರು, ಗೀಗೀ ಪದ ಉಳಿಯಲಿ ಅಂತ ತಾವೇ ಕಲ್ಲು ಹೊತ್ತು ಒಂದು ಭವನ ಕಟ್ಟಿದ್ದರು. ಅದನ್ನು ತಪಾಸಣೆ ಮಾಡಿ ಸಹಿ ಹಾಕಲು ನಾನು ಹೋದೆ. ಸರ್ಕಾರ ಒಪ್ಪಿದ ನಕ್ಷೆಯಲ್ಲಿ ಇದ್ದದ್ದು ಒಂದೇ ಬಾಗಿಲು. ಕಟ್ಟಿದ್ದು ಎರಡು, ಅದೂ ಒಂದೇ ಗೋಡೆಗೆ, ಮಗ್ಗುಲು ಮಗ್ಗುಲಿಗೆ.

"ಇದ್ಯಾಕ್ರಿ ಹಿಂಗ?" ಎಂದು ಹಿರಿಯ ಹಾಡುಗಾರ ಮಲ್ಲಪ್ಪನವರನ್ನು ಕೇಳಿದೆ.

"ನಾವು ಹರದೇಶಿ ಮೇಳದವರು, ಗಂಡು ಹೆಚ್ಚಂತ ಹಾಡತೇವಿ. ನಾಗೇಶಿಯವರು ಹೆಣ್ಣು ಹೆಚ್ಚಂತಾರ. ಒಂದ ಬಾಗಿಲಾದ್ರ ಮೊದಲ ಒಳಗ ಹೋಗೋರು ಯಾರ್ರಿ? ಹೊಸ್ತಿಲದಾಗ ಜಗಳ ಹತ್ತತೈತಿ."

ನಕ್ಷೆಗಿಂತ ಹೆಚ್ಚು ಬಾಗಿಲಿದ್ದರೆ ನಾನು ಸಹಿ ಹಾಕುವಂತಿರಲಿಲ್ಲ. ಸಹಿಯಿಲ್ಲದೆ ಅವರು ಭವನದಲ್ಲಿ ಹಾಡುವಂತಿರಲಿಲ್ಲ. ಕೊನೆಗೆ ನಾನೇ, "ಒಂದನ್ನ ಕಿಡಕಿ ಅಂತ ಬರೀತೇನಿ" ಎಂದೆ.

"ಬರೀರಿ, ನಾಗೇಶಿಯವರದನ್ನ ಬರೀರಿ" ಎಂದರು ಮಲ್ಲಪ್ಪ.

ಹಿಂದೆ ನಿಂತಿದ್ದ ನಾಗೇಶಿ ಮೇಳದ ಗಂಗವ್ವ ಮುಂದೆ ಬಂದಳು. "ಯಾಕ್ರೀ ಸಾಹೇಬ್ರ, ನಾವೇನು ಕಿಡಕಿ ಜಿಗದು ಬರೂ ಮಂದಿಯೇನ್ರಿ? ಅವರದನ್ನ ಬರೀರಿ!"

ಎರಡು ಸಲ ಚಹಾ ಬಂತು. ಇಬ್ಬರೂ ಬಗ್ಗಲಿಲ್ಲ. ನನಗೂ ರೇಗಿತು. ಇಬ್ಬರಿಗೂ ಸಮನಾಗುವಂತೆ ಬರೆದು, ಸಹಿ ಹಾಕಿ, ಬಸ್ಸು ಹತ್ತಿದೆ. ಮೇಲಿನವರು ಓದದೆಯೇ ಮಂಜೂರು ಮಾಡಿದರು.

ಭವನದಲ್ಲಿ ಈಗಲೂ ಹಾಡು ನಡೆಯುತ್ತದೆ. ಸರ್ಕಾರಿ ಕಡತದ ಪ್ರಕಾರ ಮಾತ್ರ ಅದಕ್ಕೆ ಎರಡು ಕಿಟಕಿ, ಬಾಗಿಲೇ ಇಲ್ಲ.