ತನ್ನ ಹೊಗೆ ತಾನೇಕೆ ಕುಡಿಯಬೇಕು?

"ಮಾವಾರ, ಗಾಡಿಗಿ ಆಪರೇಷನ್ ಮಾಡ್ಸೀನ್ರಿ!"

ಬೆಳಗಿನ ಚಹಾ ಇನ್ನೂ ತುಟಿಗೆ ಮುಟ್ಟಿರಲಿಲ್ಲ. ಹುಮನಾಬಾದಿನಿಂದ ಸಂಗಮೇಶನ ಫೋನು. ಸಂಗಮೇಶ ಎಂದರೆ ನನ್ನ ಹೆಂಡತಿಯ ತಮ್ಮ. ತೊಗರಿ, ಕಡಲೆ ವ್ಯಾಪಾರ. ಹೋದ ವರ್ಷ ಹೊಸ ಡೀಸೆಲ್ ಜೀಪು ಕೊಂಡ. ಅಂದಿನಿಂದ ಅವನಿಗೆ ತೊಗರಿಯ ಧಾರಣೆ ಮರೆತರೂ ಜೀಪಿನ ಮೈಲೇಜು ಮರೆಯುವುದಿಲ್ಲ.

"ಏನಾಗಿತ್ತಪಾ ಗಾಡಿಗಿ?" ಎಂದೆ ಗಾಬರಿಯಿಂದ.

"ಏನೂ ಆಗಿದ್ದಿಲ್ರಿ."

"ಮತ್ತ ಆಪರೇಷನ್ ಯಾಕ?"

"ಇಜಿಆರ್ ಬಂದ್ ಮಾಡ್ಸೀನ್ರಿ ಮಾವಾರ. ಈಗ ಗಾಡಿ ಓಡಾಕತ್ತಿಲ್ಲ, ಹಾರಾಕತ್ತದ!"

ಇಜಿಆರ್ ಅಂದರೆ ಯಾವುದೋ ಸರ್ಕಾರಿ ಇಲಾಖೆ ಇರಬೇಕು ಅಂದುಕೊಂಡೆ. (ಮೂರಕ್ಷರದ ಹೆಸರು ಕೇಳಿದರೆ ನನಗೆ ಮೊದಲು ನೆನಪಾಗುವುದು ಕಚೇರಿಯ ಕ್ಯೂ.) ಅಲ್ಲವಂತೆ. ಅದೊಂದು ಕೊಳವೆ. ಎಂಜಿನ್ ಹೊರಗೆ ಬಿಡುವ ಹೊಗೆಯಲ್ಲಿ ಒಂದು ಪಾಲನ್ನು ಹಿಡಿದು ಮತ್ತೆ ಎಂಜಿನ್ನಿನ ಹೊಟ್ಟೆಗೇ ಕಳಿಸುವುದು ಅದರ ಕೆಲಸ. ಈ ಕಾಲದ ಡೀಸೆಲ್ ಗಾಡಿಗಳಿಗೆ ಕಂಪನಿಯವರೇ ಕೂಡಿಸಿ ಕೊಡುತ್ತಾರೆ. ಸಂಗಮೇಶನಿಗೆ ಇದು ಅನ್ಯಾಯವಾಗಿ ಕಂಡಿದೆ.

"ನೀವ ಹೇಳ್ರಿ. ಬೀಡಿ ಸೇದಾಂವ ಹೊಗಿ ಹೊರಗ ಬಿಡ್ತಾನ. ಬಿಟ್ಟ ಹೊಗಿ ಮತ್ತ ಒಳಗ ಎಳ್ಕೋತಾನೇನ್ರಿ? ತನ್ನ ಹೊಗಿ ತಾನ್ ಯಾಕ ಕುಡೀಬೇಕ್ರಿ ಗಾಡಿ?"

ನಾನು ಬೀಡಿ ಸೇದುವವನಲ್ಲ. ಆದರೂ ತಲೆದೂಗಿದೆ. ಫೋನಿನಲ್ಲಿ ತಲೆದೂಗಿದ್ದು ಅವನಿಗೆ ಹೇಗೆ ಕಂಡಿತೋ, "ಐತವಾರ ಬರ್ರಿ, ಕೂಡಿಸ್ಕೊಂಡು ಹೊಡೆದು ತೋರಸ್ತೀನಿ" ಎಂದು ಫೋನಿಟ್ಟ.

ನಮ್ಮ ಬಸವಕಲ್ಯಾಣದಿಂದ ಹುಮನಾಬಾದು ದೂರವೇನಲ್ಲ. ಹೆಂಡತಿಗೆ ತವರು, ನನಗೆ ಜೋಳದ ರೊಟ್ಟಿ. ಇಬ್ಬರೂ ಹೊರಟೆವು.

ಊಟಕ್ಕೂ ಮೊದಲು ಜೀಪಿನ ಪ್ರದರ್ಶನ. ಹೆದ್ದಾರಿ ಹಿಡಿದು ಮನ್ನಾಏಖೇಳ್ಳಿಯ ಕಡೆಗೆ ಬಿಟ್ಟ ನೋಡಿ, ಲಾರಿ, ಬಸ್ಸು, ಮೋಟರ್ ಸೈಕಲ್ಲು ಎಲ್ಲ ಹಿಂದಕ್ಕೆ ಸರಿದವು. ನನ್ನ ಜೀವವೂ ಸ್ವಲ್ಪ ಹಿಂದೆಯೇ ಉಳಿಯಿತು. "ಹ್ಯಾಂಗದ ಪಿಕಪ್?" ಎಂದು ಅವನು ರಸ್ತೆ ಬಿಟ್ಟು ನನ್ನ ಮುಖ ನೋಡಿ ಕೇಳಿದ. "ಭಾರಿ ಅದ, ನೀ ಮುಂದ ನೋಡು" ಎಂದೆ.

ಮನ್ನಾಏಖೇಳ್ಳಿಯಲ್ಲಿ ರಸ್ತೆ ಬದಿಗೆ ಒಂದು ಗ್ಯಾರೇಜು. ಆಪರೇಷನ್ ಆದದ್ದು ಅಲ್ಲಿಯೇ. ಮಿಸ್ತ್ರಿಯ ಹೆಸರು ಖಾಜಾ. ಕೈಯಲ್ಲಿ ಸ್ಪ್ಯಾನರು, ಬಾಯಲ್ಲಿ ಗುಟ್ಕಾ, ಮಾತಿನಲ್ಲಿ ಗ್ಯಾರಂಟಿ. ಬೆಂಕಿಪೊಟ್ಟಣದಷ್ಟು ಅಗಲದ ಒಂದು ತಗಡನ್ನು ಕತ್ತರಿಸಿ ಕೊಳವೆಯ ಬಾಯಿಗೆ ಅಡ್ಡ ಇಟ್ಟು ಬೋಲ್ಟ್ ಬಿಗಿಯುವುದು. ಮುಗಿಯಿತು. ಹೊಗೆ ಒಳಗೆ ಬರುವ ಬಾಗಿಲು ಬಂದ್.

"ಬಿಲ್ಕುಲ್ ಫಿಕರ್ ಮಾಡಬ್ಯಾಡ್ರಿ ಸಾಹೇಬ್ರ. ಎಂಜಿನ್ ಒಳಗ ಮಸಿ ಕೂಡಂಗಿಲ್ಲ. ಆಯಿಲ್ ಸ್ವಚ್ಛ ಇರ್ತದ" ಎಂದ ಖಾಜಾ.

"ಮತ್ತ ಕಂಪನಿಯವರು ಯಾಕ ಇಟ್ಟಾರ ಅದನ್ನ?"

"ಅವರಿಗಿ ಗಾಡಿ ಹೊಡೆಯೋದು ಏನ್ ಗೊತ್ತದರಿ?"

ಗಾಡಿ ಮಾಡಿದವರಿಗೆ ಗಾಡಿಯ ಬಗ್ಗೆ ಏನೂ ಗೊತ್ತಿಲ್ಲ ಎಂಬ ಮಾತನ್ನು ಮೂವರೂ ಒಪ್ಪಿ ಚಹಾ ಕುಡಿದೆವು.

ಒಂದೇ ಒಂದು ತೊಡಕು. ತಗಡು ಇಟ್ಟ ಮೇಲೆ ಸ್ಟೇರಿಂಗಿನ ಮುಂದೆ ಮೀಟರುಗಳ ನಡುವೆ ಒಂದು ಹಳದಿ ದೀಪ ಹತ್ತಿಕೊಂಡಿತು. ಎಂಜಿನ್ನಿನಲ್ಲಿ ಏನೋ ಸರಿಯಿಲ್ಲ ಎಂದು ಹೇಳುವ ದೀಪವದು. ಆರಲೇ ಇಲ್ಲ. ಅದಕ್ಕೂ ಮದ್ದಿದೆ. ಸಂಗಮೇಶ ದೀಪದ ಮೇಲೆ ಕರಿಯ ಟೇಪು ಅಂಟಿಸಿದ್ದಾನೆ. ಈಗ ಎಂಜಿನ್ ಸರಿಯಾಗಿದೆ.

(ನಗಬೇಡಿ. ನಿಮ್ಮ ಮನೆಯಲ್ಲಿ ಇಂಥ ಟೇಪು ಎಲ್ಲೆಲ್ಲಿ ಅಂಟಿದೆ ಎಂದು ಒಮ್ಮೆ ನೋಡಿಕೊಳ್ಳಿ.)

ಅಷ್ಟರಲ್ಲಿ ಹೊಗೆ ತಪಾಸಣೆಯ ದಿನ ಬಂತು. ಸಂಗಮೇಶನಿಗೆ ಒಳಗೊಳಗೇ ಅಳುಕು. ತಗಡು ಸಿಕ್ಕಿಬಿದ್ದರೆ? ರಸ್ತೆ ಬದಿಯಲ್ಲಿ ನಿಂತ ತಪಾಸಣೆಯ ವ್ಯಾನಿಗೆ ಜೀಪು ಒಯ್ದ. ಸೈಲೆನ್ಸರಿಗೆ ನಳಿಗೆ ಇಟ್ಟರು. ಆಕ್ಸಿಲರೇಟರ್ ಒತ್ತಿಸಿದರು. ಮಷಿನ್ ನೋಡಿದರು. ಪಾಸು! ಬರೀ ಪಾಸಲ್ಲ, ಹೋದ ಸಲಕ್ಕಿಂತ ಒಳ್ಳೆಯ ಪಾಸು.

ಅದು ಹೇಗೆ? ನಾನು ಆಮೇಲೆ ತಿಳಿದವರನ್ನು ಕೇಳಿದೆ. ಆ ಮಷಿನ್ ನೋಡುವುದು ಕರಿಯ ಹೊಗೆಯನ್ನು ಮಾತ್ರ. ತಗಡು ಇಟ್ಟರೆ ಕರಿಯ ಹೊಗೆ ಕಡಿಮೆಯೇ ಆಗುತ್ತದೆ. ಆದರೆ ಎಂಜಿನ್ನಿನ ಒಳಗಿನ ಉರಿಯ ಬಿಸಿ ಏರುತ್ತದೆ, ಬಿಸಿ ಏರಿದ ಹಾಗೆ ಇನ್ನೊಂದು ಜಾತಿಯ ಗಾಳಿ ಹೆಚ್ಚು ಹುಟ್ಟುತ್ತದೆ. ಬಣ್ಣವಿಲ್ಲದ ಹಾಗೆ ಹೊರಬಿದ್ದು ಎದೆಯನ್ನು ಕೆರಳಿಸುವ ಗಾಳಿ. ಅದನ್ನು ತಡೆಯಲೆಂದೇ ಆ ಕೊಳವೆ ಇಟ್ಟದ್ದು. ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಶ್ನೆಯೇ ಇಲ್ಲದಿದ್ದರೆ ಹುಡುಗ ಫೇಲಾಗುವುದಾದರೂ ಹೇಗೆ? ಸಂಗಮೇಶ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೀಪಿನಲ್ಲಿ ಇಟ್ಟುಕೊಂಡ.

ಈಗ ನನ್ನ ಅತ್ತೆಯ ವಿಷಯಕ್ಕೆ ಬರುತ್ತೇನೆ.

ಅತ್ತೆ ಕಾಶಿಬಾಯಿ, ಸಂಗಮೇಶನ ಅವ್ವ. ಅವರಿಗೆ ದಮ್ಮು. ಚಳಿಗಾಲ ಬಂತೆಂದರೆ ಉಸಿರು ಸಿಳ್ಳೆ ಹೊಡೆಯುತ್ತದೆ. ಹುಮನಾಬಾದಿನಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಆದರೆ ಅತ್ತೆಗೆ ಬಸವಕಲ್ಯಾಣದ ಒಬ್ಬ ಡಾಕ್ಟರೇ ಆಗಬೇಕು. "ಬ್ಯಾರೇದವ್ರ ಗುಳಿಗಿ ನನಗ ಹತ್ತಂಗಿಲ್ಲ" ಎನ್ನುತ್ತಾರೆ. ಈ ಚಳಿಗಾಲದ ಆರಂಭದಲ್ಲಿ ಆ ಡಾಕ್ಟರು ಸಂಗಮೇಶನನ್ನು ಕರೆದು ಹೇಳಿದರು: ಅವ್ವನನ್ನು ಹೊಗೆಯಿಂದ ದೂರ ಇಡಿ.

ಸಂಗಮೇಶ ಅವ್ವನ ಮಗ. ಅದರಲ್ಲಿ ಎರಡು ಮಾತಿಲ್ಲ. ಮನೆಗೆ ಬಂದವನೇ ಹಿತ್ತಲಿನ ಕಟ್ಟಿಗೆ ಒಲೆಯನ್ನು ತನ್ನ ಕೈಯಾರೆ ಒಡೆದುಹಾಕಿದ. ಅತ್ತೆ ಮದುವೆಯಾಗಿ ಬಂದಾಗಿನಿಂದ ರೊಟ್ಟಿ ಬಡಿದ ಒಲೆ ಅದು. ದೇವರ ಜಗಲಿಯ ಮುಂದೆ ಧೂಪ ಬಂದ್. ಊದುಬತ್ತಿ ಬಂದ್. ಅಂಗಡಿಯ ಹಮಾಲರು ಮನೆಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುವುದು ಬಂದ್. ಸೊಳ್ಳೆಬತ್ತಿಯನ್ನೂ ಬಿಡಲಿಲ್ಲ.

"ಅವ್ವನ ಮುಂದ ಇನ್ನ ಹೊಗಿ ಅನ್ನೋದು ಬರಬಾರದ್ರಿ" ಎಂದು ನನಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ನಿಜವಾದ ನೀರು.

ಅದಾದ ಕೆಲವು ದಿನಕ್ಕೆ ರಜೆ ಸಿಕ್ಕಿತೆಂದು ನಾವು ಒಂದು ವಾರ ಹುಮನಾಬಾದಿಗೆ ಹೋಗಿ ಉಳಿದೆವು. ಬೆಳಿಗ್ಗೆ ಅತ್ತೆಯ ಮಂಚದ ಪಕ್ಕ ಕೂತು ಪೇಪರ್ ಓದುತ್ತಿದ್ದೆ. ಹೊರಗೆ ಜೀಪು ಸ್ಟಾರ್ಟ್ ಆಯಿತು. ಆ ಜೀಪು ನಿಲ್ಲುವುದು ಅಂಗಳದಲ್ಲಿ, ಅತ್ತೆಯ ಕೋಣೆಯ ಕಿಟಕಿಗೆ ಬೆನ್ನು ಕೊಟ್ಟು. ಚಳಿಗೆ ಎಂಜಿನ್ ಬಿಸಿಯಾಗಬೇಕಲ್ಲ? ಸಂಗಮೇಶ ಚಾವಿ ತಿರುಗಿಸಿ ಬಿಟ್ಟು ಲಿಂಗಪೂಜೆಗೆ ಒಳಗೆ ಹೋಗುತ್ತಾನೆ. ಪೂಜೆ ಮುಗಿಯುವ ಹೊತ್ತಿಗೆ ಎಂಜಿನ್ ಬಿಸಿ. ಭಕ್ತಿ, ಬಂಡಿ ಎರಡೂ ಒಂದೇ ಮುಹೂರ್ತದಲ್ಲಿ.

ಅತ್ತೆಗೆ ಕೆಮ್ಮು ಶುರುವಾಯಿತು. ನಾನು ಎದ್ದು ಕಿಟಕಿ ಮುಚ್ಚಿದೆ.

"ಇದು ದಿನಾಲೂ ಹಿಂಗ ಏನ್ರಿ ಅತ್ತಿ?"

"ದಿನಾ ಹಿಂಗ ಅಳಿಯಾರ."

"ಸಂಗಮೇಶಗ ಹೇಳಿಲ್ಲೇನ್ರಿ?"

ಅತ್ತೆ ಉಸಿರು ಹಿಡಿದು, ಬಿಟ್ಟು, ಆಮೇಲೆ ಹೇಳಿದರು: "ಹೇಳೀನಿ. ಸರ್ಟಿಫಿಕೇಟ ತಂದು ತೋರಿಸಿದ. ನನ್ನ ಒಲಿ ಹೊಗಿ ಕಣ್ಣಿಗಿ ಕಾಣತಿತ್ತು, ಅದಕ್ಕ ಒಡೆದ. ತನ್ನ ಗಾಡೀದು ಕಾಣಂಗಿಲ್ಲ, ಅದಕ್ಕ ಬಿಟ್ಟಾನ."

ನಾನು ಸಂಗಮೇಶನ ಹತ್ತಿರ ಮಾತು ತೆಗೆದೆ. ಜೀಪು ಬೇರೆಲ್ಲಾದರೂ ನಿಲ್ಲಿಸು, ಆ ತಗಡು ತೆಗೆಸು ಎಂದೆ. ಅವನಿಗೆ ನೋವಾಯಿತು. "ಮಾವಾರ, ಮಷಿನ್ ಸುಳ್ಳ ಹೇಳ್ತದೇನ್ರಿ?" ಎಂದ. ಮಷಿನ್ ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಅಂಗಳದಿಂದ ಕಟ್ಟಿಗೆ ಸುಟ್ಟ ವಾಸನೆ ಬಂತು. ಹೊರಗೆ ಓಡಿದೆ. ಅತ್ತೆ ಜೀಪಿನ ಪಕ್ಕ, ಡ್ರೈವರ್ ಸೀಟಿನ ಬಾಗಿಲ ಬುಡದಲ್ಲೇ, ಇಟ್ಟಂಗಿ ಜೋಡಿಸಿ ಒಲೆ ಹೂಡಿದ್ದರು. ತೊಗರಿ ಕಟ್ಟಿಗೆಯ ಉರಿ. ಮೇಲೆ ಹೆಂಚು. ಸೆರಗು ಸೊಂಟಕ್ಕೆ ಸಿಕ್ಕಿಸಿ ರೊಟ್ಟಿ ಬಡಿಯುತ್ತಿದ್ದಾರೆ! ಜೀಪಿನ ಗಾಜು ಇಳಿದಿತ್ತು. ಹೊಗೆಯೆಲ್ಲ ಸೀದಾ ಒಳಗೆ.

ಸಂಗಮೇಶ ಹಣೆಯ ವಿಭೂತಿ ಒಣಗುವ ಮೊದಲೇ ಓಡಿಬಂದ.

"ಅವ್ವಾ! ಏನ್ ಮಾಡಾಕತ್ತೀ? ಸೀಟಿಗಿ ಹೊಗಿ ವಾಸನಿ ಹಿಡೀತದ! ಹೊಸಾ ಕವರ್ ಹಾಕ್ಸೀನಿ!"

ಅತ್ತೆ ರೊಟ್ಟಿ ತಿರುವಿ ಹಾಕುತ್ತ ಮಗನ ಮುಖ ನೋಡಿದರು. "ಸೀಟಿಗಿ ತ್ರಾಸ ಆಗ್ತದೇನಪಾ? ಹಂಗಿದ್ರ ತಗೀತೀನಿ."

ಸಂಗಮೇಶ ಗಾಜು ಏರಿಸಲು ಚಾಚಿದ ಕೈ ಹಿಂದಕ್ಕೆ ತೆಗೆದ. ಆಡಿದ ಮಾತು ಅವನ ಕಿವಿಗೆ ಆಗಷ್ಟೇ ಬಿದ್ದಿರಬೇಕು.

ಅತ್ತೆ ಗೆದ್ದರು ಎಂದು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ದಮ್ಮಿಗೆ ಗೆಲುವು ಸೋಲು ತಿಳಿಯುವುದಿಲ್ಲ. ಆ ರೊಟ್ಟಿ ಬುಟ್ಟಿಗೆ ಬೀಳುವ ಮೊದಲೇ ಅವರಿಗೆ ಉಸಿರು ಕಟ್ಟಿತು. ತುಟಿ ನೀಲಿಗಟ್ಟಿತು. ಮಾತು ನಿಂತಿತು. ಹೆಂಡತಿ ಅವರನ್ನು ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಹತ್ತಿರದ ದವಾಖಾನೆಗೆ ಹೋಗೋಣ ಎಂದರೆ ಅತ್ತೆ ತಲೆ ಅಲ್ಲಾಡಿಸಿ ಕೈಯಲ್ಲೇ ಬಸವಕಲ್ಯಾಣದ ದಿಕ್ಕು ತೋರಿಸಿದರು. ವಾದಿಸುವ ಹೊತ್ತಲ್ಲ.

ಸಂಗಮೇಶ ಜೀಪು ಹೊಡೆದ. ರಾಜೇಶ್ವರ ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಾಗಲಿಲ್ಲ. ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಹಿಂದಿನಿಂದ ಅತ್ತೆಯ ಉಸಿರಿನ ಸಪ್ಪಳ. ಆ ಸಪ್ಪಳ ನಿಂತರೆ ಎಂಬ ಹೆದರಿಕೆಯಲ್ಲಿ ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡಿದೆ. ಅಂದು ನಾನೂ ಆ ಲಾರಿಗಳೆಲ್ಲ ಹಿಂದೆ ಸರಿಯಲಿ ಎಂದೇ ಬೇಡಿಕೊಂಡೆ.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಮೂಗಿಗೆ ಮಾಸ್ಕ್ ಹಿಡಿದು ಔಷಧಿಯ ಹವೆ ಎಳೆಸಿದರು. ನಿಧಾನಕ್ಕೆ ಅತ್ತೆಯ ತುಟಿಗೆ ಬಣ್ಣ ಬಂತು. ಸಂಗಮೇಶ ಅವ್ವನ ಪಾದ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದ.

"ನೋಡಿದ್ರೇನ್ರಿ ಮಾವಾರ? ಪಿಕಪ್ ಇದ್ದಿದ್ದಕ್ಕ ಟೈಮಿಗಿ ಮುಟ್ಟಿದ್ವಿ."

ಇದಕ್ಕೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ? ನಾನು ಹೊರಗೆ ಹೋಗಿ ಚಹಾ ತಂದೆ.

ಅತ್ತೆಯ ದಮ್ಮಿಗೆ ಆ ತಗಡೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅವರ ದಮ್ಮು ಜೀಪಿಗಿಂತ ಎಷ್ಟೋ ಹಳೆಯದು. ಅಂದು ಉಸಿರು ಕಟ್ಟಿಸಿದ್ದೂ ಒಲೆಯ ಹೊಗೆಯೇ. ಆದರೆ ದವಾಖಾನೆಯಿಂದ ಬಂದು ಅವರು ಬಸವಕಲ್ಯಾಣದ ನಮ್ಮ ಮನೆಯಲ್ಲಿ ಉಳಿದಷ್ಟು ದಿನ ಬೆಳಗಿನ ಕೆಮ್ಮು ಬರಲಿಲ್ಲ ಎಂಬುದು ಮಾತ್ರ ನಿಜ. ಸಂಗಮೇಶ ನಡುನಡುವೆ ಬಂದು "ಮನಿಗಿ ನಡಿ ಅವ್ವಾ" ಎಂದು ಗೋಗರೆಯುತ್ತಿದ್ದ. ಕೊನೆಗೆ ಒಂದು ದಿನ, "ಎಲ್ಲಾ ಬಂದೋಬಸ್ತ್ ಮಾಡೀನಿ. ನಿನ್ನ ಕಿಟಕಿ ಹತ್ರ ಗಾಡಿ ನಿಂದ್ರಂಗಿಲ್ಲ" ಎಂದು ಮಾತು ಕೊಟ್ಟ. ಅತ್ತೆ ಒಪ್ಪಿದರು. ಬಿಟ್ಟು ಬರಲು ನಾನೂ ಹೋದೆ.

ಮಾತಿಗೆ ತಪ್ಪುವವನಲ್ಲ ಸಂಗಮೇಶ. ಅಂಗಳದೊಳಗೆ ಜೀಪು ತರಲೇ ಇಲ್ಲ. ಓಣಿಯ ಆಚೆ ಬದಿಗೆ, ಎದುರು ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ. ಆ ಮನೆಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಗೋಡೆಯಲ್ಲೊಂದು ಕಿಟಕಿ. ಕಿಟಕಿಯ ಒಳಗೆ ತೊಟ್ಟಿಲು. ಕೂಸು ಅಳುವುದು ನಮಗೆ ಕೇಳುತ್ತಿತ್ತು.

ಅತ್ತೆ ಜೀಪಿನಿಂದ ಇಳಿಯಲಿಲ್ಲ. ಕಿಟಕಿ ನೋಡಿದರು. ಮಗನನ್ನು ನೋಡಿದರು.

"ಆ ಕೂಸಿಗಿ ಏನ್ ಮಾಡಂತೀ? ಅದಕ್ಕ ಒಲಿ ಹೂಡಾಕ ಬರಂಗಿಲ್ಲಪಾ."

ಸಂಗಮೇಶ ತಲೆ ತಗ್ಗಿಸಿದ. ಆಮೇಲೆ ಗಾಡಿ ತಿರುಗಿಸಿದ. ಸೀದಾ ಮನ್ನಾಏಖೇಳ್ಳಿ.

ಖಾಜಾ ಮಿಸ್ತ್ರಿಗೆ ಆಶ್ಚರ್ಯ. "ಹಾಕ್ಸಾಕ ಲೈನ್ ಹಚ್ಚಿ ನಿಂದರ್ತಾರ್ರಿ. ತಗಸ್ಲಾಕ ಬಂದವ್ರು ನೀವ ಮೊದಲಿಗ್ರು" ಎನ್ನುತ್ತ ಬೋಲ್ಟ್ ಬಿಚ್ಚಿದ. ಅತ್ತೆ ಗ್ಯಾರೇಜಿನ ಬೆಂಚಿನ ಮೇಲೆ ಕೂತು, ತಗಡು ಹೊರಗೆ ಬರುವ ತನಕ ಕಣ್ಣು ಕದಲಿಸಲಿಲ್ಲ.

ಮೊನ್ನೆ ಮತ್ತೆ ಸಂಗಮೇಶನ ಫೋನು. ದನಿ ಸಪ್ಪಗಿತ್ತು. "ಮಾವಾರ, ಗಾಡಿ ಮೊದಲಿನಂಗ ಎಳೀವಲ್ದ್ರಿ. ರೋಡಿನ್ಯಾಗ ಎಲ್ಲಾರೂ ನನ್ನ ಹಿಂದ ಹಾಕಿ ಹೊಂಟಾರ."

ಹೋಗಲಿ ಬಿಡು ಎಂದೆ. ಫೋನಿಟ್ಟ ಮೇಲೆ ಯೋಚನೆ ಹತ್ತಿತು. ಅವನನ್ನು ಹಿಂದೆ ಹಾಕಿ ಹೋಗುವ ಅಷ್ಟೊಂದು ಜನರ ಮನೆಯಲ್ಲಿ ಅವ್ವಂದಿರು ಇಲ್ಲವೇ?