ಬೋರಲು ಬಿದ್ದ ಅಕ್ಕಿ ಡಬ್ಬಿ

ಮೊನ್ನೆ ಎರಡು ಚೀಲಗಳ ತಳದಲ್ಲಿ ಉಳಿದಿದ್ದ ಅಕ್ಕಿಯನ್ನು ಒಟ್ಟಿಗೆ ಬೇಯಿಸಿದೆ. ಹುಳ ಹಿಡಿಯದಿರಲೆಂದು ಒಂದಕ್ಕೆ ಹರಳೆಣ್ಣೆ ಹಚ್ಚಿಟ್ಟಿದ್ದೆ. ಕುಕ್ಕರಿನ ಮುಚ್ಚಳ ತೆಗೆದಾಗ ಅರ್ಧ ಅನ್ನ ಮುದ್ದೆಯಾಗಿತ್ತು, ಅರ್ಧ ಒಳಗೇ ಬೆಂದಿರಲಿಲ್ಲ. ಜೊತೆಗೆ ಎಣ್ಣೆಯ ಸಣ್ಣ ಕಮಟು. ಮಗ ತಟ್ಟೆ ಸರಿಸಿದ. ನನಗೆ ಮಾತ್ರ ಹೂವಿನಹಡಗಲಿಯ ನಮ್ಮ ಎರಡು ಖೋಲಿಯ ಮನೆ, ಮಲ್ಲಿಗೆ ಮೊಗ್ಗು ಹರಡಿದ ಒದ್ದೆ ಗೋಣಿತಾಟು, ಅದರ ಮುಂದೆ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದ ರೂತಮ್ಮಜ್ಜಿ, ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿದವು.

ರೂತಮ್ಮಜ್ಜಿ ನನ್ನ ಅವ್ವನ ತಾಯಿ. ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿಯಿತ್ತು, ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದೀತು: ಎಸರಿಗೆ ಅಕ್ಕಿ ಹಾಕುವ ಮುಂಚೆ ಒಂದು ಹಿಡಿಯನ್ನು ದೇವರ ಪಾಲೆಂದು ಡಬ್ಬಿಗೆ ಹಾಕುವುದು, ಭಾನುವಾರ ಅದನ್ನು ಪ್ರಾರ್ಥನಾಮಂದಿರದ ಚೀಲಕ್ಕೆ ಸುರಿದು ಬರುವುದು. ಇಲ್ಲದವರ ಮನೆಗೆ ಆ ಅಕ್ಕಿ ಹೋಗುತ್ತದೆ ಎನ್ನುತ್ತಿದ್ದರು. ಅವ್ವ ಕಾಯಿಲೆ ಬಿದ್ದಾಗ ಇಡೀ ಸಭೆ ನಮ್ಮ ಮನೆಯಲ್ಲಿ ಮೊಣಕಾಲೂರಿತು. ಎದ್ದು ಕೂಡುತ್ತಾಳೆ ಎಂದು ಸಭೆ ನಡೆಸುತ್ತಿದ್ದ ಉಪದೇಶಿ ಸಮುವೇಲಪ್ಪನವರು ಧೈರ್ಯ ಹೇಳಿದರು. ಅವ್ವ ಏಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ಅಜ್ಜಿ ಆ ಡಬ್ಬಿಯನ್ನು ಬೋರಲು ಹಾಕಿದಳು. ಬೈಬಲ್ಲು ಟ್ರಂಕಿನ ತಳ ಸೇರಿತು. ಶಾಲೆಗೆ ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದವಳು ಈಗ ಜಡೆ ಹಾಕಿ ಸುಮ್ಮನೆ ಕಳಿಸುತ್ತಿದ್ದಳು. ಹತ್ತು ವರ್ಷದ ನನಗೆ ದೇವರು ಅಷ್ಟು ತಿಳಿಯುತ್ತಿರಲಿಲ್ಲ. ಆ ಕೈ ಬೇಕಿತ್ತು.

ನಂಬಿಕೆ ಎದ್ದು ಹೋದ ಜಾಗದಲ್ಲಿ ಗುಮಾನಿ ಬಂದು ಕೂತಿತು. ಸಮುವೇಲಪ್ಪನವರು ವಾರಕ್ಕೊಂದು ಸಂಜೆ ಬಂದು ಕಟ್ಟೆಯ ಮೇಲೆ ಮಾತಿಲ್ಲದೆ ಕೂತು ಹೋಗುತ್ತಿದ್ದರು. ಡಬ್ಬಿ ನೆಟ್ಟಗಾಯಿತೇ ಎಂದು ನೋಡಲಿಕ್ಕೇ ಅವರು ಬರುತ್ತಾರೆ, ಸಭೆಯ ಅಕ್ಕಿಯೆಲ್ಲ ಅವರ ಗಡಿಗೆಯಲ್ಲೇ ಬೇಯುತ್ತದೆ ಎಂದು ಅಜ್ಜಿಗೆ ಖಾತ್ರಿ. ಹೆಪ್ಪಿನ ನೆಪ ಮಾಡಿ ನನ್ನನ್ನು ಅವರ ಮನೆಗೆ ಕಳಿಸಿದಳು. ಅಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಬಂದು ಹೇಳಿದರೆ, "ನೀ ಬರೋದು ನೋಡಿ ಅನ್ನ ಮುಚ್ಚಿಟ್ಟಿರ್ತಾರ," ಅಂದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾನೂ ಅವಳ ಶಿಷ್ಯೆಯಾಗಿ ಉಪದೇಶಿಗಳ ಕೈಚೀಲವನ್ನು ಕಳ್ಳನ ಗಂಟಿನಂತೆ ನೋಡುತ್ತಿದ್ದೆ.

ಅಪ್ಪ ಮಲ್ಲಿಗೆ ಬುಟ್ಟಿಗಳನ್ನು ಬಸ್ಸಿಗೇರಿಸುವ ಕೆಲಸ ಮಾಡುತ್ತಿದ್ದ; ಅವ್ವನ ಆಸ್ಪತ್ರೆಯ ಓಡಾಟದಲ್ಲಿ ಅದು ಕೈತಪ್ಪಿತ್ತು. ಆದರೂ ವಾರವಾರ ಅಕ್ಕಿ ತರುತ್ತಿದ್ದ. ಆ ಅನ್ನ ಎಂದೂ ಹದವಾಗಿ ಬೇಯುತ್ತಿರಲಿಲ್ಲ. ಅಂಗಡಿಯವನು ಮೂರು ನಮೂನೆ ಬೆರೆಸಿ ಮೋಸ ಮಾಡುತ್ತಾನೆಂದು ಅಜ್ಜಿ ಒಂದು ದಿನ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಜಗಳಕ್ಕೆ ಹೋದಳು. ಅವನು ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡಿ, "ನಿಮ್ಮ ಅಳಿಯ ನನ್ನ ಕಡಿಂದ ಅಕ್ಕಿ ಒಯ್ದು ಆರು ತಿಂಗಳಾತು, ಅವ್ವಾ," ಅಂದ.

ಮನೆಗೆ ಬಂದವಳೇ ಚೀಲವನ್ನು ಮೊರಕ್ಕೆ ಸುರಿದಳು. ಒಂದು ಹಿಡಿ ಎತ್ತಿ ಮೂಸಿದಳು. ಅಂಗಡಿಯವನ ಮೋಸ ಹುಡುಕುತ್ತಿದ್ದಾಗ ಆ ವಾಸನೆ ಯಾರದೆಂದು ಅವಳಿಗೆ ಹೊಳೆದಿರಲಿಲ್ಲ. "ಹಿಂಗ ಹರಳೆಣ್ಣಿ ಹಚ್ಚಾಕಿ ಮರಿಯಮ್ಮ ಒಬ್ಬಾಕಿ. ಬೇವಿನೆಲಿ ಹಾಕಿಡಾಕಿ ಎಸ್ತೇರಿ. ಈ ದಪ್ಪಂದು ರೇಷನ್ ಅಕ್ಕಿ, ದಾವೀದನ ಮನಿದು." ಮೂವರೂ ನಮ್ಮ ಸಭೆಯವರು. ವರ್ಷಗಟ್ಟಲೆ ಹಿಡಿ ಅಕ್ಕಿ ಕೊಟ್ಟವಳಿಗೆ, ಅದೆಲ್ಲ ಕಲೆತು ಅನ್ನವಾದರೆ ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದ. "ಉಪದೇಶಿ ಹೇಳಬ್ಯಾಡ ಅಂದಿದ್ರು. ಗೊತ್ತಾದ್ರ ನೀವು ಉಣ್ಣಂಗಿಲ್ಲ ಅಂತ." ಅಜ್ಜಿ ಮೊರದ ಅಕ್ಕಿಯನ್ನು ಮತ್ತೆ ಚೀಲಕ್ಕೆ ತುಂಬಿದಳು. ರೊಟ್ಟಿ ಉಣ್ಣುತ್ತಿದ್ದ ಆ ಮನೆಗೆ ಬೇಹಿಗೆ ಹೋಗಿದ್ದ ನನಗೆ ನಾಚಿಕೆಯಿಂದ ಅಳು ಬಂತು.

ಅಜ್ಜಿ ಡಬ್ಬಿಯನ್ನು ತೊಳೆದು ನೆಟ್ಟಗಿಟ್ಟಳು. ಆ ಬೆರಕೆ ಅಕ್ಕಿಯಲ್ಲೇ ದಿನಕ್ಕೊಂದು ಹಿಡಿ ತೆಗೆದಳು. ಭಾನುವಾರ ನನ್ನ ಕೈಹಿಡಿದು ಮಂದಿರಕ್ಕೆ ಹೋಗಿ ಕಡೆಯ ಚಾಪೆಯಲ್ಲಿ ಕೂತಳು. ಎಲ್ಲರೂ ಕಣ್ಣು ಮುಚ್ಚಿದಾಗ ಅವಳು ಮುಚ್ಚಲಿಲ್ಲ. ನಾನೂ ಮುಚ್ಚದ್ದರಿಂದ ಗೊತ್ತು. ಆಮೇಲೆ ಚೀಲದ ಹತ್ತಿರ ನಿಂತು ಸಮುವೇಲಪ್ಪನವರಿಗೆ ಹೇಳಿದಳು: "ದೇವರ ಮ್ಯಾಲಿನ ಅನುಮಾನ ಇನ್ನೂ ಹೋಗಿಲ್ರಿ. ಅಕ್ಕಿ ತಂದೀನಿ."

"ಎರಡೂ ತರ್ರಿ, ರೂತಮ್ಮ," ಅಂದರು ಅವರು.

ಮರುದಿನ ಶಾಲೆಗೆ ಹೊರಟಾಗ ಅಜ್ಜಿಯ ಕೈ ನನ್ನ ತಲೆಯ ಮೇಲೆ ಬಂತು. ಬಾಯಿಂದ ಪ್ರಾರ್ಥನೆ ಬರಲಿಲ್ಲ. ಅದಕ್ಕೆ ಇನ್ನೆಷ್ಟೋ ತಿಂಗಳು ಬೇಕಾಯಿತು. ಈಗ ಆ ಮನೆಯಿಲ್ಲ, ಅವರು ಯಾರೂ ಇಲ್ಲ. ನಾನೀಗಿರುವ ಹರಪನಹಳ್ಳಿಯ ಸಭೆಯಲ್ಲಿ ಕಾಣಿಕೆ ಕವರಿನಲ್ಲಿ ಹೋಗುತ್ತದೆ, ಅಕ್ಕಿಯ ಚೀಲ ಇಡುವವರಿಲ್ಲ. ನಾನೂ ಅನುಮಾನದ ಹೆಂಗಸೇ. ಪ್ರಾರ್ಥನೆಯಲ್ಲಿ ಒಂದು ಕಣ್ಣು ಇಂದಿಗೂ ತೆರೆದಿರುತ್ತದೆ. ಮೊನ್ನೆ ಮಗ ಸರಿಸಿದ ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡು, ಬೆಂದದ್ದು ಬೇಯದ್ದು ಎರಡನ್ನೂ ಕಲಸಿ, ಕಡೆಯ ಅಗುಳಿನವರೆಗೂ ಉಂಡೆ.