ವಂಕಿ ಪಾರ್ತಿನಿ

ಕ್ಲಾಟೆನ್ ಪಟ್ಟಣದ ಕಡೆಯ ನಮ್ಮ ಕೇರಿಯಲ್ಲಿ ಕುಟುಂಬ ಯೋಜನೆಯ ಕಾರ್ಯಕರ್ತೆ ಪಾರ್ತಿನಿಯ ಕಣ್ಣು ತಪ್ಪಿಸಿ ಮೂರನೆಯ ಮಗು ಹೆತ್ತವರು ಕಡಿಮೆ. ತಿಂಗಳಿಗೊಮ್ಮೆ ಕೂಸುಗಳನ್ನು ತೂಗುವ ದಿನ, ಸೇರಿದ ಹೆಂಗಸರಿಗೆಲ್ಲ ಅವಳೇ ಯಜಮಾನಿ. ತನ್ನ ಡಬ್ಬಿಯಿಂದ ತಾಮ್ರದ ವಂಕಿ, ಅಂದರೆ ಕಾಪರ್-ಟಿ, ತೆಗೆದು, ಪ್ಲಾಸ್ಟಿಕ್ಕಿನ ಮಾದರಿ ಗರ್ಭಕೋಶದೊಳಗೆ ಇಟ್ಟು, ಮಕ್ಕಳಾಗದಂತೆ ಅದು ಹೇಗೆ ಕಾಯುತ್ತದೆಂದು ತೋರಿಸುತ್ತಿದ್ದಳು. ಯಾರಾದರೂ ಅನುಮಾನಪಟ್ಟರೆ, "ನನ್ನ ಗಂಡ ಕೈ ಕೊಟ್ಟಾನು, ಇದು ಕೊಡಲ್ಲ" ಎನ್ನುವಳು. ನನಗೂ ಹಾಕಿಸಿದವಳು ಅವಳೇ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ.

ಅಂಥವಳು ನಲವತ್ತೆರಡನೇ ವಯಸ್ಸಿಗೆ, ವಂಕಿ ಒಳಗಿರುವಾಗಲೇ, ಬಸುರಿಯಾದಳು. ಕೇರಿಗೆ ಹಬ್ಬ. ನಾನೂ ಬಿಡಲಿಲ್ಲ.

"ಪಾರ್ತಿನಿ ಅಕ್ಕಾ, ಆ ಡಬ್ಬಿನೇ ತೊಟ್ಟಿಲು ಮಾಡ್ಕೊಳ್ತೀರಾ?" ಎಂದೆ. ಮುಂದಿನ ಎರಡು ತಿಂಗಳು ಅವಳು ತೂಕದ ದಿನಕ್ಕೆ ಬರಲೇ ಇಲ್ಲ.

ಆಸ್ಪತ್ರೆಗೆ ಜೊತೆಗೆ ಹೋದವಳು ಮಾತ್ರ ನಾನೇ. ವಂಕಿಯ ದಾರ ಕಾಣುತ್ತಿಲ್ಲ, ತೆಗೆಯಲಾಗದು ಎಂದರು ಡಾಕ್ಟರಮ್ಮ. ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದೆಂಬ ಅನುಮಾನ ರಕ್ತಪರೀಕ್ಷೆಯಲ್ಲಿ ಬಂದಿತ್ತು. ಖಚಿತವಾಗಬೇಕಾದರೆ ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆಯಬೇಕು.

"ಸೂಜಿಯಿಂದ ಗರ್ಭ ಹೋಗೋ ಭಯ ಎಲ್ಲರಿಗೂ ಚೂರು ಇರತ್ತೆ. ನಿಮಗೆ ವಂಕಿ ಬೇರೆ ಒಳಗಿದೆ, ಮೊದಲೇ ಗರ್ಭ ನಿಲ್ಲೋದು ಕಷ್ಟ. ಅಪಾಯ ಎಷ್ಟು ಜಾಸ್ತಿ ಅಂತ ನನಗೂ ಸರಿಯಾಗಿ ಹೇಳೋಕಾಗಲ್ಲ," ಎಂದರು.

ಊರಿಗೆಲ್ಲ ಬುದ್ಧಿ ಹೇಳುವವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ತೊಟ್ಟಿಲಿನ ಮಾತು ನೆನಪಾಗಿ ನನಗೆ ನಾಚಿಕೆಯಾಯಿತು.

ಅವಳ ಗಂಡ ಸರ್ಜೊ ಸೋಯಾ ಕಾಳು ಹುದುಗಿಸಿ ತೆಂಪೆ ಮಾಡಿ ಮಾರುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬೇಯಿಸಿದ ಸೋಯಾ ಕಾಳನ್ನು ಬಾಳೆ ಎಲೆಯಲ್ಲಿ ಕಟ್ಟುತ್ತಲೇ ಕೇಳಿದ:

"ಆ ಕಾಯಿಲೆ ಇದೆ ಅಂತ ಗೊತ್ತಾದ್ರೆ ಮಗು ತೆಗೆಸ್ತೀಯಾ?"

"ಇಲ್ಲ," ಎಂದಳು ಪಾರ್ತಿನಿ.

"ಮತ್ತೆ ಸೂಜಿ ಯಾಕೆ?"

ಅಲ್ಲಿಗೆ ಅವನ ಆ ದಿನದ ಮಾತು ಮುಗಿಯಿತು. ಸೂಜಿ ಹಾಕಿಸಲಿಲ್ಲ. ಆಮೇಲಿನ ಐದು ತಿಂಗಳು ಅವಳು ಸಣ್ಣ ಕೆಮ್ಮಿಗೂ ಹೊಟ್ಟೆ ಹಿಡಿದುಕೊಂಡು ಹೆದರಿದ್ದನ್ನು ನಾನು ಕಂಡಿದ್ದೇನೆ.

ವೆನಿಂಗ್ ಹುಟ್ಟಿದಳು. ಮಾಸಿನ ಜೊತೆ ವಂಕಿಯೂ ಬಂತು. ರಕ್ತಪರೀಕ್ಷೆಯ ಅನುಮಾನ ನಿಜವಾಗಿತ್ತು. ಪಾರ್ತಿನಿ ಒಂದು ವಾರ ಅತ್ತಳು. ಆಮೇಲೆ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ನಮ್ಮನ್ನೆಲ್ಲ ಗದರಿಸಲು ಬಂದಳು.

ವೆನಿಂಗ್‌ಗೆ ಈಗ ಹನ್ನೊಂದು. ನಡೆದದ್ದೂ ಮಾತು ಕಲಿತದ್ದೂ ತಡ, ಹಟಕ್ಕೆ ಮಾತ್ರ ತಾಯಿಯನ್ನು ಮೀರಿಸುತ್ತಾಳೆ. ಅಮ್ಮನ ಡಬ್ಬಿಯನ್ನು ಹೊರುವವಳು ಅವಳೇ, ಬೇರೆ ಯಾರೂ ಮುಟ್ಟುವಂತಿಲ್ಲ. ಹೋದ ತಿಂಗಳು ತೂಕದ ದಿನ ಹೊಸದಾಗಿ ಮದುವೆಯಾದವಳೊಬ್ಬಳು ವಂಕಿ ನೋಡಿ, "ಇದನ್ನ ಹಾಕಿಸ್ಕೊಂಡ ಮೇಲೂ ಯಾರಿಗಾದ್ರೂ ಮಗು ಆಗಿದ್ಯಾ ಅಕ್ಕಾ?" ಎಂದು ಕೇಳಿದಳು.

ಪಾರ್ತಿನಿ ಬಾಯಿ ತೆರೆಯುವ ಮೊದಲೇ ವೆನಿಂಗ್ ಡಬ್ಬಿ ಕೆಳಗಿಟ್ಟು ಕೈ ಎತ್ತಿದಳು.

"ನಾನು ಆದೆ," ಎಂದಳು.